ಮರೆತುಬಿಡು ಎಂದು ಹೇಳಲು ಹೋಗಿ

ಹದಿಹರೆಯದವರಿಗಾಗಿ ಕಾದಂಬರಿ ಬರೆಯುತ್ತೇನೆಂದು ಆಗ ಕಾಲೇಜುಗಳವರು ನನ್ನನ್ನು ಭಾಷಣಕ್ಕೆ ಕರೆಯುತ್ತಿದ್ದರು. ಬಾಳಗಡಿಯಲ್ಲಿ ಅಂಥದ್ದೊಂದು ಭಾಷಣ ಮುಗಿಸಿ ಹೊರಬಂದಾಗ, ಗೇಟಿನ ಹತ್ತಿರ ತಾಯಿಯೊಬ್ಬರು ಪಿಯುಸಿ ಓದುವ ಮಗಳ ಕೈ ಹಿಡಿದುಕೊಂಡು ಕಾಯುತ್ತಿದ್ದರು.

"ಮೇಡಂ, ಇವಳು ಸರಿಯಾಗಿ ಊಟ ಮಾಡ್ದೆ ವಾರ ಆಯ್ತು. ಕ್ಲಾಸಿನ ಹುಡುಗ ಒಬ್ಬ ಮಾತು ಬಿಟ್ಟಿದಾನಂತೆ. ಮರ್ತುಬಿಡು ಅಂತ ನೀವಾದ್ರೂ ಹೇಳಿ."

ಹುಡುಗಿಯ ಮುಖ ಬಾಡಿತ್ತು. ವೇದಿಕೆಯ ಮೇಲೆ ಹೇಳಿದ್ದನ್ನೇ ಅವಳಿಗೂ ಹೇಳಿದೆ. "ಇದೆಲ್ಲ ವಯಸ್ಸಿನದ್ದು ಕಣಮ್ಮ. ಮುಂದೆ ಅವನ ಹೆಸರೂ ನೆನಪಿರಲ್ಲ."

ಅವಳು ತಲೆಯೆತ್ತಿದಳು. "ನಿಮಗೆ ಆ ವಯಸ್ಸಿನ ನಿಮ್ಮ ಹುಡುಗನ ಹೆಸರು ಮರ್ತುಹೋಗಿದ್ಯಾ ಮೇಡಂ?"

ಹೆಸರೇನು, ಅವನ ಸೈಕಲ್ಲಿನ ಬಣ್ಣವೂ ನೆನಪಿತ್ತು. ಸುಳ್ಳು ಹೇಳಲಾಗದೆ, ಇಲ್ಲವೆಂದು ತಲೆಯಾಡಿಸಿದೆ.

ತಾಯಿ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಮಗಳ ಕೈ ಸಡಿಲಿಸಿ, ಮೆಲ್ಲಗೆ ಅಂದರು: "ನಂಗೂ ಒಬ್ಬನ್ನ ಮರೆಯೋಕಾಗಿಲ್ಲ ಕಣೇ. ನೀನೂ ಮರೀಬೇಡ, ಬಿಡು. ಊಟ ಮಾತ್ರ ಮಾಡು."

ಮಗಳು ಕಣ್ಣರಳಿಸಿ ಅಮ್ಮನನ್ನು ನೋಡಿದಳು. "ಯಾರಮ್ಮಾ ಅದು?"

"ಮೊದ್ಲು ಉಣ್ಣು, ಆಮೇಲೆ ಹೇಳ್ತೀನಿ."

ಇಬ್ಬರೂ ಎದುರಿನ ಹೋಟೆಲಿನತ್ತ ನಡೆದರು. ತಾಯಿ ಹಿಂತಿರುಗಿ ನನ್ನನ್ನೂ ಊಟಕ್ಕೆ ಕರೆದರು. ಆ ಕಥೆ ಮಗಳೊಬ್ಬಳೇ ಕೇಳಬೇಕಾದ್ದು ಅನ್ನಿಸಿ, ಬಸ್ಸಿಗೆ ಹೊತ್ತಾಯಿತೆಂದು ಹೇಳಿ ತಪ್ಪಿಸಿಕೊಂಡೆ.

ಬಸ್ಸು ಕೊಪ್ಪ ದಾಟುವಷ್ಟರಲ್ಲಿ, ಅಂಥ ಕಥೆ ಕೇಳದೆ ಬಂದೆಯಲ್ಲ ಎಂದು ನನ್ನೊಳಗಿನ ಕಾದಂಬರಿಕಾರ್ತಿ ನನ್ನನ್ನು ಚೆನ್ನಾಗಿ ಬೈಯತೊಡಗಿದ್ದಳು.