ಹಿರಿಯಡ್ಕದ ದಾರಿಯಲ್ಲಿ ತಪ್ಪಾಗಿ ಕೇಳಿಸಿಕೊಂಡ ಮಾತು

ದಾವಣಗೆರೆಯಿಂದ ಬೆಳಿಗ್ಗೆ ಆರಕ್ಕೆ ಹೊರಟವನು ಮೂರು ಬಸ್ಸು ಬದಲಿಸಿ ಕಾರ್ಕಳದಲ್ಲಿ ಇಳಿದಾಗ ಸಂಜೆ ಐದೂವರೆಯಾಗಿತ್ತು. ಎಂಬತ್ತರ ದಶಕದ ನಡುವಿನ ಒಂದು ಡಿಸೆಂಬರ್ ಅದು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮೇಷ್ಟ್ರು. ಉಡುಪಿಯ ಓದುಗರ ಬಳಗವೊಂದು ‘ಯಂತ್ರ, ರಾಜಕಾರಣ, ದಯೆ’ ಎಂಬ ವಿಷಯದ ಮೇಲೆ ಮಾತನಾಡಲು ನನ್ನನ್ನು ಕರೆದಿತ್ತು. ಈ ಮೂರರ ಬಗ್ಗೆಯೂ ನನ್ನಲ್ಲಿ ಅಭಿಪ್ರಾಯಗಳಿಗೆ ಬರವಿರಲಿಲ್ಲ. ಮನೆಯಲ್ಲಿ ದಿನಾ ಕೇಳುವ ನನ್ನ ಹೆಂಡತಿ, ‘ನಾಲ್ಕು ದಿನ ಆ ಊರಿನವರೂ ಸ್ವಲ್ಪ ಕೇಳಲಿ’ ಎಂದು ಸಂತೋಷದಿಂದಲೇ ಚೀಲ ಕಟ್ಟಿಕೊಟ್ಟಿದ್ದಳು.

ಭಾಷಣ ಮರುದಿನ ಸಂಜೆ ನಾಲ್ಕೂವರೆಗೆ. ಹಾಗಾಗಿ ಬೆಳಗಿನ ಹೊತ್ತು ಗೊಮ್ಮಟನಿಗೆಂದು ಮೀಸಲಿಟ್ಟೆ. ಲಾಡ್ಜಿನ ಕೆಳಗಿನ ಹೋಟೆಲಿನಲ್ಲಿ ಉಪ್ಪಿಟ್ಟಿಗೆ ಅವಲಕ್ಕಿ ಬೆರೆಸಿ ಕೊಟ್ಟರು. ಅದನ್ನು ಇಲ್ಲಿ ಸಜ್ಜಿಗೆ ಬಜಿಲ್ ಎನ್ನುತ್ತಾರೆ. ತಿಂದು ಬಂಡೆಯ ಮೆಟ್ಟಿಲು ಹತ್ತಿದೆ. ಕೆಳಗೆ ಊರು ಇನ್ನೂ ಮಂಜಿನೊಳಗಿತ್ತು. ಕೋಳಿ ಕೂಗಿದ್ದು, ಯಾರೋ ಬಾವಿಯಿಂದ ನೀರು ಸೇದಿದ್ದು ಕೇಳುತ್ತಿತ್ತು, ಮನೆ ಮಾತ್ರ ಕಾಣುತ್ತಿರಲಿಲ್ಲ. ಅಷ್ಟೆತ್ತರದ ಕಲ್ಲಿನ ಕಾಲಬಳಿ ಕುಳಿತು ಭಾಷಣದ ಹಾಳೆಗಳನ್ನು ತೆಗೆದೆನಾದರೂ ಓದಲಾಗಲಿಲ್ಲ. ಬಿಸಿಲು ಏರಿ ಬಂಡೆ ಕಾಯುವವರೆಗೆ ಅರೆನಿದ್ದೆಯಲ್ಲೇ ಕುಳಿತಿದ್ದೆ. ಇಷ್ಟು ನೆಮ್ಮದಿ ನನಗೆ ಆ ಪ್ರಯಾಣದಲ್ಲಿ ಮತ್ತೆ ಸಿಗಲಿಲ್ಲ.

ಎರಡು ಗಂಟೆಯ ಉಡುಪಿ ಬಸ್ಸು ಹಿಡಿದೆ. ಬೈಲೂರು, ಹಿರಿಯಡ್ಕ, ಪರ್ಕಳ, ಮಣಿಪಾಲ ದಾಟಿ ಹೋಗುವ ಬಸ್ಸು. ದೂರ ನಲವತ್ತು ಕಿಲೋಮೀಟರಿಗೆ ಒಂದೆರಡು ಕಡಿಮೆ, ಟಿಕೆಟು ಮೂರು ರೂಪಾಯಿ ಚಿಲ್ಲರೆ. ನನ್ನ ಪಕ್ಕ ಕಿಟಕಿಯ ಬಳಿ ಕುಳಿತವರು ಶಿರ್ವದ ಲಾರೆನ್ಸ್ ಎಂಬವರು. ಬಹರೈನಿನಿಂದ ರಜೆಗೆ ಬಂದು, ಕಾರ್ಕಳದಲ್ಲಿ ಅಕ್ಕನನ್ನು ನೋಡಿಕೊಂಡು, ಮಣಿಪಾಲದಲ್ಲಿ ಏನೋ ಕೆಲಸವೆಂದು ಹೊರಟಿದ್ದರು. ತೊಡೆಯ ಮೇಲೆ ದೊಡ್ಡ ಟೇಪ್ ರೆಕಾರ್ಡರು. ಗಲ್ಫಿನಲ್ಲಿ ಕಾಗದ ಬರೆಯುವ ಬದಲು ಮಾತನ್ನೇ ಕ್ಯಾಸೆಟ್ಟಿಗೆ ತುಂಬಿ ಊರಿಗೆ ಕಳಿಸುತ್ತಾರಂತೆ. ‘ಯಂತ್ರ ಮಾತಾಡಲು ಕಲಿತಷ್ಟೂ ಮನುಷ್ಯ ಕೇಳುವುದನ್ನು ಮರೆಯುತ್ತಾನೆ’ ಎಂದು ನಾನು ಭಾಷಣದ ಒಂದು ಸಾಲನ್ನು ಅವರ ಮೇಲೆ ಪ್ರಯೋಗಿಸಿದೆ. ಲಾರೆನ್ಸ್ ನಕ್ಕು, ‘ಹಾಗೂ ಉಂಟು ಸರ್. ಆದರೆ ನಮ್ಮಮ್ಮನಿಗೆ ಓದಲಿಕ್ಕೆ ಬರುವುದಿಲ್ಲ, ಎಂತ ಮಾಡುವುದು?’ ಎಂದರು. ನಾನು ಅದಕ್ಕೆ ಉತ್ತರಿಸದೆ ರಾಜಕಾರಣಕ್ಕೆ ಹಾರಿದೆ. ಕುರ್ಚಿಯ ಮೇಲೆ ಕುಳಿತವನು ಜನ ಬಾಯಿ ತೆರೆಯುವ ಮೊದಲೇ ಉತ್ತರ ಸಿದ್ಧಮಾಡಿಕೊಂಡಿರುತ್ತಾನೆ, ಅದೇ ಈ ದೇಶದ ರೋಗ ಎಂದೆ. ಅವರು ಮರ್ಯಾದೆಗೆ ತಲೆಯಾಡಿಸುತ್ತ ಕಣ್ಣು ಮುಚ್ಚಿದರು.

ಬೈಲೂರಿನಲ್ಲಿ ಬಸ್ಸು ಕಿಕ್ಕಿರಿಯಿತು. ಅಲ್ಲಿ ಹತ್ತಿದವರಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸು, ಅವಳ ಕೈ ಹಿಡಿದು ಇಪ್ಪತ್ತೇಳು ಇಪ್ಪತ್ತೆಂಟರ ಮಗಳು. ಮಗಳು ಮೈತುಂಬ ಶಾಲು ಹೊದ್ದು, ತುಟಿ ಬಿಗಿಹಿಡಿದು ಕಂಬಿಗೆ ಒರಗಿ ನಿಂತಳು. ತಾಯಿ ನನ್ನ ಭುಜ ಮುಟ್ಟಿ, ಮಗಳ ಕಡೆ ಕೈ ತೋರಿಸಿ, ತುಳುವಿನಲ್ಲಿ ಹೇಳಿದಳು: ‘ಅಣ್ಣಾ, ಎನ್ನ ಮಗಳ್ ಬಂಜಿನಾಳ್.’

ಇಲ್ಲಿ ನನ್ನ ಜಂಬವನ್ನು ಹೇಳಲೇಬೇಕು. ಹಳಗನ್ನಡ ಗೊತ್ತಿದ್ದವನಿಗೆ ತುಳು ತಾನಾಗಿಯೇ ತಿಳಿಯುತ್ತದೆ ಎಂದು ನಾನು ನಂಬಿದ್ದೆ, ತರಗತಿಯಲ್ಲಿ ಹೇಳಿಯೂ ಇದ್ದೆ. ‘ಮಗಳ್’ ತಿಳಿಯಿತು. ‘ಬಂಜಿ’ ಎಂದರೆ ಬಂಜೆಯಲ್ಲದೆ ಇನ್ನೇನು? ಕಿಕ್ಕಿರಿದ ಬಸ್ಸಿನಲ್ಲಿ, ಗುರುತಿಲ್ಲದ ಗಂಡಸಿನ ಮುಂದೆ, ಹೆತ್ತ ತಾಯಿಯೇ ಮಗಳನ್ನು ಬೆರಳು ಮಾಡಿ ತೋರಿಸಿ ಬಂಜೆ ಎನ್ನುತ್ತಿದ್ದಾಳೆ! ನನ್ನ ರಕ್ತ ಕುದಿಯಿತು. ಭಾಷಣದ ಮೂರನೆಯ ಭಾಗ, ದಯೆ, ಬಾಯಿಗೆ ಬಂದೇಬಿಟ್ಟಿತು.

‘ತಾಯಿ, ಹಾಗೆಲ್ಲ ಹೇಳಬಾರದು’ ಎಂದೆ. ನಾಲ್ಕು ಸೀಟು ಹಿಂದಕ್ಕೆ ಕೇಳುವಷ್ಟು ಜೋರಾಗಿಯೇ. ‘ಮಕ್ಕಳಿಲ್ಲದಿದ್ದರೇನಂತೆ? ಮಕ್ಕಳಾಗದಿದ್ದರೆ ಹೆಣ್ಣಿಗೆ ಬದುಕಿಲ್ಲವೇ? ಅವಳೊಬ್ಬ ಮನುಷ್ಯಳೆಂದು ಪ್ರೀತಿಸಲಾಗದೇ ನಿಮಗೆ?’ ಇನ್ನೂ ಏನೇನೋ ಹೇಳಿದೆ. ಬಸ್ಸು ಗಪ್‌ಚಿಪ್ಪಾಯಿತು. ನನ್ನ ಮಾತಿನ ಪರಿಣಾಮ ಎಂದುಕೊಂಡು ಇನ್ನೆರಡು ವಾಕ್ಯ ಸೇರಿಸಿದೆ. ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಒಂದು ತೊಟ್ಟು ರಕ್ತವಿರಲಿಲ್ಲ. ನಿಧಾನವಾಗಿ ಒಂದು ಕೈ ಶಾಲಿನೊಳಗೆ ಸರಿದು ಹೊಟ್ಟೆಯ ಮೇಲೆ ನಿಂತಿತು.

ಲಾರೆನ್ಸ್ ದಡಬಡಿಸಿ ಎದ್ದರು. ‘ಎಂತ ಸರ್ ನೀವು ಹೇಳುವುದು! ಬಂಜಿ ಅಂದ್ರೆ ತುಳುವಿನಲ್ಲಿ ಹೊಟ್ಟೆ. ಬಂಜಿನಾಳ್ ಅಂದ್ರೆ ಬಸುರಿ. ಅವರು ಮಗಳಿಗೆ ಸೀಟು ಕೇಳಿದ್ದು ಮಾರಾಯ್ರೆ!’

ನಾನು ಹೇಗೆ ಎದ್ದೆನೋ ನೆನಪಿಲ್ಲ. ಮಗಳು ಕಿಟಕಿಯ ಬಳಿ, ತಾಯಿ ನನ್ನ ಜಾಗದಲ್ಲಿ ಕುಳಿತರು. ಟೇಪ್ ರೆಕಾರ್ಡರನ್ನು ಎದೆಗವಚಿಕೊಂಡು ನಿಂತ ಲಾರೆನ್ಸ್, ತಾಯಿ ತುಳುವಿನಲ್ಲಿ ಹೇಳಿದ್ದನ್ನೆಲ್ಲ ತಗ್ಗಿದ ದನಿಯಲ್ಲಿ ನನಗೆ ಕನ್ನಡಕ್ಕೆ ತಿರುಗಿಸಿದರು. ಮದುವೆಯಾಗಿ ಏಳು ವರ್ಷದ ಮೇಲೆ ನಿಂತ ಮೊದಲ ಬಸಿರು. ನಾಲ್ಕು ತಿಂಗಳು ತುಂಬಿತ್ತು. ಬೆಳಿಗ್ಗೆಯಿಂದ ನೋವು, ಸ್ವಲ್ಪ ರಕ್ತ ಕಂಡಿದೆ. ಮಗು ಉಳಿಯುತ್ತದೋ ಇಲ್ಲವೋ ಎಂದು ಮಣಿಪಾಲದ ಆಸ್ಪತ್ರೆಗೆ ಹೊರಟಿದ್ದಾರೆ. ಅಂಥ ಹೊತ್ತಿನಲ್ಲಿ ‘ಮಕ್ಕಳಿಲ್ಲದಿದ್ದರೇನಂತೆ’ ಎಂಬ ಮಾತು. ನಾನು ‘ತಪ್ಪಾಯಿತಮ್ಮ’ ಎಂದೆ. ತಾಯಿ ತನಗೆ ಬರುವಷ್ಟು ಕನ್ನಡದಲ್ಲಿ, ‘ನಿಮ್ಮ ಬಾಯಲ್ಲಿ ಬೇರೆ ಮಾತು ಬರ್ಲಿಲ್ವಾ?’ ಎಂದಷ್ಟೇ ಕೇಳಿದಳು. ಶಕುನ, ಅಪಶಕುನಗಳನ್ನು ನಾನು ನಂಬುವವನಲ್ಲ, ಅದರ ವಿರುದ್ಧವೂ ಭಾಷಣ ಮಾಡಿದ್ದೇನೆ. ಆದರೆ ಅವಳು ನಂಬುತ್ತಿದ್ದಳು, ಮಗಳೂ ನಂಬುತ್ತಿದ್ದಳು, ಮಾತು ಬಿದ್ದದ್ದು ಅವರ ಮೇಲೆ.

ಹಿರಿಯಡ್ಕ ಬಂತು, ಹೋಯಿತು. ಕೆಂಪು ಮುರಕಲ್ಲಿನ ಗುಡ್ಡಗಳು, ಒಣಹುಲ್ಲು, ಗದ್ದೆಯ ಹಸಿರು, ಮತ್ತೆ ಗುಡ್ಡ, ಎಲ್ಲ ನೀರಿನೊಳಗೆ ಕಂಡ ಹಾಗೆ ತೇಲಿಹೋದವು. ಮಣಿಪಾಲದಲ್ಲಿ ಅವರಿಬ್ಬರೂ ಇಳಿದರು. ತಾಯಿ ಮಗಳ ಕೈಚೀಲ ಹಿಡಿದುಕೊಂಡು ಲಾರೆನ್ಸೂ ಇಳಿದರು. ನಾನೂ ಇಳಿಯಬೇಕೆಂದು ಒಂದು ಹೆಜ್ಜೆ ಇಟ್ಟೆ. ಭಾಷಣಕ್ಕೆ ಒಂದು ಗಂಟೆಯಿತ್ತು. ಕಂಡಕ್ಟರು ‘ಇಳಿಯುವುದುಂಟಾ?’ ಎಂದು ಕೇಳಿದ. ‘ಇಲ್ಲ’ ಎಂದೆ. ಸೀಟಿ ಊದಿದ. ದಯೆಯ ಬಗ್ಗೆ ಮಾತನಾಡಲು ತಡವಾಗುತ್ತದೆಂದು ನಾನು ಬಸ್ಸಿನಲ್ಲೇ ಉಳಿದೆ.

ಉಡುಪಿಯಲ್ಲಿ ನನ್ನ ಕಾಲೇಜು ಗೆಳೆಯ ವಾಸುದೇವ ಕಾಯುತ್ತಿದ್ದ. ಬ್ಯಾಂಕಿನಲ್ಲಿ ಕೆಲಸ, ಬಳಗದ ಕಾರ್ಯದರ್ಶಿಯೂ ಅವನೇ. ಮಹಡಿಯ ಮೇಲಿನ ಸಭಾಂಗಣದಲ್ಲಿ ಎಪ್ಪತ್ತು ಎಂಬತ್ತು ಜನ ಸೇರಿದ್ದರು. ಯಂತ್ರದ ಬಗ್ಗೆ ಓದಿದೆ. ರಾಜಕಾರಣದ ಬಗ್ಗೆ ಓದುವಾಗ, ಜನ ಬಾಯಿ ತೆರೆಯುವ ಮೊದಲೇ ಉತ್ತರ ಸಿದ್ಧಮಾಡಿಕೊಳ್ಳುವವರ ಸಾಲು ಬಂದಲ್ಲಿ ನಾಲಿಗೆ ತೊಡರಿತು. ಮೂರನೆಯ ಭಾಗವನ್ನು ಓದಲಾಗದೆ ಹಾಳೆ ಮಡಚಿ ಬಸ್ಸಿನಲ್ಲಿ ನಡೆದದ್ದನ್ನು ಹೇಳಿದೆ. ತಪ್ಪೊಪ್ಪಿಗೆ ಎಂದುಕೊಂಡೇ ಶುರುಮಾಡಿದ್ದು. ಆದರೆ ‘ಬಂಜಿನಾಳ್’ ಎಂದದ್ದನ್ನು ಬಂಜೆ ಎಂದುಕೊಂಡೆ ಎನ್ನುತ್ತಲೇ ಸಭೆ ಗೊಳ್ಳೆಂದು ನಕ್ಕಿತು. ಅವರೆಲ್ಲ ತುಳು ಬಲ್ಲವರು. ಆ ನಗು ನನಗೆ ಹಿತವಾಯಿತು. ನಾಚಿಕೆಯಿಂದ ಹೇಳುತ್ತೇನೆ, ಇನ್ನಷ್ಟು ನಗಲೆಂದು ನನ್ನ ಪೆದ್ದುತನಕ್ಕೆ ಸ್ವಲ್ಪ ಬಣ್ಣವನ್ನೂ ಹಚ್ಚಿದೆ.

ಚಪ್ಪಾಳೆಯಾದ ಮೇಲೆ ಹಿಂದಿನ ಸಾಲಿನಿಂದ ವಯಸ್ಸಾದ ಟೀಚರೊಬ್ಬರು ಎದ್ದರು. ‘ಎಲ್ಲ ಚೆನ್ನಾಗಿತ್ತು. ಆ ಹುಡುಗಿಗೆ ಆಮೇಲೆ ಎಂತ ಆಯ್ತು?’

‘ಗೊತ್ತಿಲ್ಲ’ ಎಂದೆ. ಅವರು ಕುಳಿತರು.

ವಾಸುದೇವನ ಮನೆಯಲ್ಲಿ ಊಟಕ್ಕೆ ಹೆಸರುಬೇಳೆ ಕೋಸಂಬರಿ, ಗುಳ್ಳ ಬದನೆಯ ಹುಳಿ. ರುಚಿ ಹತ್ತಲಿಲ್ಲ. ಬೆಳಿಗ್ಗೆ ಅವನ ಬ್ಯಾಂಕಿನಿಂದ ಆಸ್ಪತ್ರೆಗೆ ಫೋನು ಮಾಡಿದೆ. ಆ ಕಡೆಯ ಹೆಣ್ಣುಮಗಳು ಸೌಜನ್ಯದಿಂದಲೇ ‘ರೋಗಿಯ ಹೆಸರು?’ ಎಂದಳು. ನನಗೆ ಗೊತ್ತಿರಲಿಲ್ಲ. ಹೆಣ್ಣಿನ ಬದುಕಿನ ಬಗ್ಗೆ ಅಷ್ಟು ಮಾತಾಡಿದವನು ಅವಳ ಹೆಸರು ಕೇಳಿರಲಿಲ್ಲ. ಫೋನಿಟ್ಟೆ.

ಅಂದು ಅರ್ಧ ದಿನ ರಜೆ ಹಾಕಿ ವಾಸುದೇವ ನನ್ನನ್ನು ಕಾಪುವಿಗೆ ಕರೆದೊಯ್ದ. ಕಟಪಾಡಿಯ ಗದ್ದಲ ದಾಟಿ ಅರ್ಧ ಗಂಟೆಯ ದಾರಿ. ದೀಪಸ್ತಂಭದ ತುದಿಯಲ್ಲಿ ನಿಂತರೆ ಗಾಳಿ ಅಂಗಿಯನ್ನು ಉಬ್ಬಿಸುತ್ತದೆ, ಕೆಳಗೆ ಕಪ್ಪು ಬಂಡೆಗಳಿಗೆ ನೊರೆ ಬಡಿಯುತ್ತದೆ, ಉಚ್ಚಿಲದ ಕಡೆಯ ದೋಣಿಗಳು ಚಲಿಸುತ್ತಿವೆಯೋ ನಿಂತಿವೆಯೋ ತಿಳಿಯುವುದಿಲ್ಲ. ಅಲ್ಲಿನ ನೌಕರರು ದೀಪದ ಸುತ್ತಲಿನ ಗಾಜುಗಳನ್ನು ತೋರಿಸಿ, ಬೆಳಕು ಇಷ್ಟು ಮೈಲಿ ಹೋಗುತ್ತದೆ ಎಂದು ವಿವರಿಸಿದರು. ಇನ್ನೊಂದು ದಿನವಾಗಿದ್ದರೆ ನಾನು ಯಂತ್ರದ ಬಗ್ಗೆ ಏನಾದರೂ ಅನ್ನುತ್ತಿದ್ದೆ. ಸಮುದ್ರ ನೋಡುತ್ತ ನೋಡುತ್ತ ನನಗೆ ಎಚ್ಚರವೋ ಕನಸೋ ತಿಳಿಯದಂತಾಗಿ, ಶಾಲಿನೊಳಗೆ ಸರಿದ ಆ ಕೈ ಮಾತ್ರ ಕಣ್ಣಮುಂದೆ ಇತ್ತು.

‘ನೀನು ಇಲ್ಲಿ ಇಲ್ಲವೇ ಇಲ್ಲ ಮಾರಾಯ’ ಎಂದ ವಾಸುದೇವ.

‘ಮಗು ಹೋಗಿದ್ದರೆ?’ ಎಂದೆ.

‘ನಿನ್ನ ಮಾತಿನಿಂದ ಮಗು ಹೋಗುವುದುಂಟಾ?’

‘ಇಲ್ಲ. ಆದರೆ ಹೋಗಿದ್ದರೆ, ಅವರು ಜೀವ ಇರುವ ತನಕ ನನ್ನ ಮಾತಿನಿಂದಲೇ ಹೋಯಿತು ಅಂದುಕೊಳ್ಳುತ್ತಾರಲ್ಲ.’

ವಾಸುದೇವ ಮೆಟ್ಟಿಲ ಕಡೆ ತಿರುಗಿದ. ‘ನಾಳೆ ನಿನ್ನ ಬಸ್ಸು ಮಣಿಪಾಲದ ಮೇಲೆಯೇ ಹೋಗುವುದು. ಹೆಸರು ಗೊತ್ತಿಲ್ಲದಿದ್ದರೆ ಹುಡುಕು, ಅಲ್ವಾ?’ ಎಂದ.

ನಾಲ್ಕನೆಯ ದಿನ ಮಣಿಪಾಲದಲ್ಲಿ ಇಳಿದೆ. ಎತ್ತರದ ಊರು, ಬಿಸಿಲಿದ್ದರೂ ತಣ್ಣನೆಯ ಗಾಳಿ. ಹೆರಿಗೆ ವಾರ್ಡಿನ ಬಾಗಿಲಲ್ಲಿ ಹೆಸರಿಲ್ಲದವಳನ್ನು ಕೇಳುವುದು ಹೇಗೆಂದು ಅತ್ತಿತ್ತ ಓಡಾಡುತ್ತಿದ್ದೆ. ಅಷ್ಟರಲ್ಲಿ ಕ್ಯಾಂಟೀನಿನ ಕಡೆಯಿಂದ ಫ್ಲಾಸ್ಕು ಹಿಡಿದು ಆ ತಾಯಿಯೇ ಬಂದಳು. ನನ್ನನ್ನು ಕಂಡು ನಿಂತಳು.

‘ಮಗು?’ ಎಂದೆ.

‘ಉಂಟು’ ಎಂದಳು.

ಆ ಪ್ರಾಂತ್ಯದಲ್ಲಿ ನಾಲ್ಕು ದಿನದಿಂದ ಎಲ್ಲರ ಬಾಯಲ್ಲೂ ಕೇಳಿದ್ದ ಮಾತು. ಅನ್ನ ಉಂಟು, ಬಸ್ಸು ಉಂಟು, ಕೆಲಸ ಉಂಟು. ಅದನ್ನು ಕೇಳಿ ನನಗೆ ಅಳು ಬರುತ್ತದೆಂದು ಎಣಿಸಿರಲಿಲ್ಲ. ಕಣ್ಣೊರೆಸಿಕೊಂಡು, ಈ ಸಲ ಮೊದಲು ಹೆಸರು ಕೇಳಿದೆ. ತಾಯಿ ಗುಲಾಬಿ. ಮಗಳು ಪ್ರೇಮ.

ಪ್ರೇಮ ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದಳು. ತಿಂಗಳುಗಟ್ಟಲೆ ಮಲಗಿಯೇ ಇರಬೇಕಂತೆ. ಅವಳ ಕನ್ನಡ ಪುಸ್ತಕದ ಕನ್ನಡದಷ್ಟೇ ಸ್ಪಷ್ಟ. ‘ಡಾಕ್ಟ್ರು ಹೊಟ್ಟೆಯ ಮೇಲೆ ಒಂದು ಸಣ್ಣ ಯಂತ್ರ ಇಟ್ಟರು. ಮೊದಲು ಎಂತದೂ ಕೇಳಲಿಲ್ಲ. ನೀವು ಹೇಳಿದ್ದೇ ಕಿವಿಯಲ್ಲಿ ಇತ್ತು. ಆಮೇಲೆ ಕುದುರೆ ಓಡಿದ ಹಾಗೆ ಶಬ್ದ ಬಂತು. ಅಮ್ಮನಿಗೂ ಕೇಳಿತು’ ಎಂದಳು. ಯಂತ್ರದ ವಿರುದ್ಧ ಹನ್ನೊಂದು ಪುಟ ನನ್ನ ಚೀಲದಲ್ಲಿತ್ತು. ನಾನು ಚೀಲವನ್ನು ಮಂಚದ ಕೆಳಗೆ ಸರಿಸಿದೆ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಕ್ಷಮೆಯ ಮಾತು ಶುರುಮಾಡಿದೆ. ಅವಳು ತಲೆಯಾಡಿಸಿ ತಡೆದಳು.

‘ನೀವು ಹೇಳಿದ್ದು ಕೆಟ್ಟ ಮಾತು ಅಲ್ಲ ಸರ್’ ಎಂದಳು. ‘ಮಕ್ಕಳಿಲ್ಲದಿದ್ದರೇನಂತೆ ಅಂತ ಯಾರಾದರೂ ಒಬ್ಬರು ಹೇಳಲಿ ಅಂತ ನಾನು ಏಳು ವರ್ಷ ಕಾದಿದ್ದೆ. ಗಂಡ ಹೇಳಲಿಲ್ಲ. ಅಮ್ಮನೂ ಹೇಳಲಿಲ್ಲ. ಹೇಳಿದ್ದು ನೀವೊಬ್ಬರೇ. ಅದೂ ಆ ದಿನ.’

ಗುಲಾಬಿಯಕ್ಕನಿಗೆ ಅಷ್ಟು ಕನ್ನಡ ತಿಳಿಯಿತೋ ಇಲ್ಲವೋ. ಫ್ಲಾಸ್ಕಿನ ಗಂಜಿಯನ್ನು ಲೋಟಕ್ಕೆ ಬಗ್ಗಿಸುತ್ತಿದ್ದವಳು ಹಾಗೇ ನಿಂತಳು. ಆಮೇಲೆ ಲೋಟ ಕೆಳಗಿಟ್ಟು, ಮಗಳ ಹಣೆಯ ಮೇಲೆ ಕೈಯಿಟ್ಟು, ತುಳುವಿನಲ್ಲಿ ಏನೋ ಹೇಳತೊಡಗಿದಳು. ತಗ್ಗಿದ ದನಿ, ನಿಲ್ಲದ ಮಾತು. ಪ್ರೇಮ ಕಣ್ಣು ಮುಚ್ಚಿ ಕೇಳುತ್ತಿದ್ದಳು.

ನನಗೆ ಒಂದು ಪದವೂ ಅರ್ಥವಾಗಲಿಲ್ಲ. ಅರ್ಥಮಾಡಿಕೊಳ್ಳಲು ಹೋಗಲೂ ಇಲ್ಲ. ಸದ್ದಾಗದಂತೆ ಚೀಲ ತೆಗೆದುಕೊಂಡು ಹೊರಗೆ ಬಂದೆ. ವಾರ್ಡಿನ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದಾಗ ಅವಳು ಇನ್ನೂ ಹೇಳುತ್ತಲೇ ಇದ್ದಳು.