ಎಳ್ಳಮಾಸಿ ಭಜ್ಜಿಯ ಲೆಕ್ಕ

ಹುಮನಾಬಾದಿನಲ್ಲಿ ನನ್ನದೊಂದು ಕಿರಾಣಿ ಅಂಗಡಿ. ಆಯುಷ್ಯವೆಲ್ಲ ಜೋಳ, ಬೇಳೆ, ಸಕ್ಕರೆ ತೂಗಿ ಕೊಟ್ಟವನಿಗೆ ದೇವರು ಸಕ್ಕರೆ ಕಾಯಿಲೆ ಕೊಟ್ಟು, ಇನ್ನು ನಿನ್ನ ಊಟ ನೀನೇ ತೂಗಿಕೋ ಅಂದ. ಮೊದಮೊದಲು ಗುಳಿಗೆಯಲ್ಲಿ ಮುಗಿಯುತ್ತಿತ್ತು. ಅದು ಗುಳಿಗೆಗೆ ಬಗ್ಗದಾದಾಗ ಡಾಕ್ಟರು ಪ್ರತಿ ಊಟಕ್ಕೂ ಇನ್ಸುಲಿನ್ ಬರೆದರು. ಎಷ್ಟು ತಗೊಳ್ಳಬೇಕು ಎಂದು ಕೇಳಿದರೆ, ನೀವು ಎಷ್ಟು ಉಣ್ಣುತ್ತೀರಿ ಎಂದು ಅವರೇ ನನ್ನನ್ನು ಕೇಳಿದರು. ಹೊಟ್ಟೆ ತುಂಬುವಷ್ಟು ಅಂದೆ. ಅವರು ನಗಲಿಲ್ಲ.

ಊಟದ ಲೆಕ್ಕ ಹೇಳಿಕೊಡಲು ಆಸ್ಪತ್ರೆಯಲ್ಲೇ ಒಬ್ಬರು ಮೇಡಂ ಇದ್ದರು, ನನ್ನ ಮಗಳ ವಯಸ್ಸಿನವರು. ರೊಟ್ಟಿ, ಅನ್ನ, ಕಾಳು, ಹಣ್ಣು ಇವುಗಳಲ್ಲಿ ಕಾರ್ಬೋಹೈಡ್ರೇಟ್ ಇರುತ್ತದೆ, ಹೊಟ್ಟೆಗೆ ಹೋದಮೇಲೆ ಅದೇ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ ಎಂದರು. ತಾಟಿನಲ್ಲಿ ಅದು ಎಷ್ಟು ಗ್ರಾಂ ಇದೆಯೆಂದು ಎಣಿಸಬೇಕು, ಇಷ್ಟು ಗ್ರಾಮಿಗೆ ಒಂದು ಯೂನಿಟ್ ಎಂದು ನನ್ನ ಮೈಗೆ ಹೊಂದುವ ಲೆಕ್ಕದಲ್ಲಿ ಚುಚ್ಚಿಕೊಳ್ಳಬೇಕು. ಕಡಿಮೆ ಚುಚ್ಚಿಕೊಂಡರೆ ಸಕ್ಕರೆ ಏರುತ್ತದೆ, ಹೆಚ್ಚಾದರೆ ಇಳಿದು ಮನುಷ್ಯ ಬೀಳುತ್ತಾನೆ. ಕೊನೆಗೆ ಇನ್ನೊಂದು ಮಾತು ಹೇಳಿದರು, ತಾಟು ಕಣ್ಣ ಮುಂದೆ ಬಂದ ಮೇಲೆಯೇ ಸೂಜಿ ಎಂದು. ನಾನು ಆಗಲೇ ಗ್ರಾಂ ಎಂಬ ಮಾತಿಗೆ ಖುಷಿಯಾಗಿ ಕೂತಿದ್ದೆ. ತೂಕ ಅಂದಮೇಲೆ ಅದು ನಮ್ಮದೇ ಕಸುಬು.

ಅಂಗಡಿಯ ಸಣ್ಣ ತಕ್ಕಡಿ ಅಡುಗೆಮನೆಗೆ ಬಂತು. ಹೆಂಡತಿ ರೊಟ್ಟಿ ಬಡಿಯಲು ಕೂತರೆ ನಾನು ಅವಳ ಕೈಯಿಂದ ಹಿಟ್ಟಿನ ಉಂಡೆ ಕಸಿದು ತೂಗುತ್ತಿದ್ದೆ. ಅವಳ ರೊಟ್ಟಿ ಒಂದು ದಿನ ತಾಟಿನಷ್ಟು, ಒಂದು ದಿನ ತಾಟಿನಾಚೆಗೆ. ಸಿಟ್ಟಿದ್ದ ದಿನ ದಪ್ಪ. ಉಣ್ಣುವವರ ರೊಟ್ಟಿ ಎಣಿಸಬಾರದು, ಆಯುಷ್ಯ ಸವೆಯುತ್ತದೆ ಎಂದು ಗೊಣಗುತ್ತಿದ್ದಳು. ಎಣಿಸದಿದ್ದರೆ ಇನ್ನೂ ಬೇಗ ಸವೆಯುತ್ತದೆ ಎಂದು ನಾನು ಹೇಳುತ್ತಿದ್ದೆ. ಬರಬರುತ್ತ ತಕ್ಕಡಿಯೇ ಬೇಡವಾಯಿತು, ರೊಟ್ಟಿ ಅಂಗೈಗೆ ಬಂದರೆ ಸಾಕು, ಗ್ರಾಂ ಹೇಳುತ್ತಿದ್ದೆ. ಅಂಗಡಿಗೆ ಬಂದವರಿಗೂ ಬಾಳೆಹಣ್ಣಿನಲ್ಲಿ ಎಷ್ಟು, ಮಂಡಕ್ಕಿ ಸುಸಲಾದಲ್ಲಿ ಎಷ್ಟು ಎಂದು ಕೇಳದೆಯೇ ಹೇಳತೊಡಗಿದೆ. ಪಾಪ, ಅವರು ಎಣ್ಣೆ ಪಾಕೀಟಿಗೆ ಬಂದವರು.

ಇಷ್ಟೆಲ್ಲ ಊರಿಗೆ ಸಾರಿದವನು ಅಕ್ಕನ ಮನೆಯವರಿಗೆ ಮಾತ್ರ ಹೇಳಿರಲಿಲ್ಲ. ಅಕ್ಕನನ್ನು ಬಸವಕಲ್ಯಾಣಕ್ಕೆ ಕೊಟ್ಟಿದೆ. ಅವಳ ಮಾವ ಎಂಬತ್ತರ ಹತ್ತಿರದವರು, ಮೊಣಕಾಲು ಹಿಡಿದಿದೆ, ದನಿ ಹಿಡಿದಿಲ್ಲ. ಮನೆಯ ನೇಮ ಎಳ್ಳಷ್ಟು ತಪ್ಪಿದರೂ ಕೇಳದೆ ಬಿಡುವವರಲ್ಲ. ಬೀಗರ ಮುಂದೆ ರೋಗಿ ಎನಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಅಕ್ಕನೊಬ್ಬಳಿಗೆ ಫೋನಿನಲ್ಲಿ ಹೇಳಿ, ಯಾರಿಗೂ ಹೇಳಬೇಡ ಎಂದಿದ್ದೆ.

ಹೋದ ವರ್ಷ ಎಳ್ಳಮಾಸಿಗೆ, ಅಂದರೆ ಎಳ್ಳ ಅಮಾವಾಸ್ಯೆಗೆ, ಅವರ ಹೊಲದೂಟಕ್ಕೆ ಕರೆದರು. ಹೊಲ ಮೋರಖಂಡಿಯ ಕಡೆ. ಟೆಂಪೋದಲ್ಲಿ ಬುಟ್ಟಿ, ಗಡಿಗೆ, ಮಂದಿ, ಮಕ್ಕಳು. ಸಕ್ಕರೆ ಇಳಿದರೆ ಇರಲಿ ಎಂದು ಜೇಬಿನಲ್ಲಿ ಪೆಪ್ಪರಮಿಂಟು ಇಟ್ಟುಕೊಂಡಿದ್ದೆ. ಮಕ್ಕಳು ಕೈ ಒಡ್ಡಿದವು, ದಾನಶೂರನ ಹಾಗೆ ಅಷ್ಟನ್ನೂ ಹಂಚಿಬಿಟ್ಟೆ.

ಹೊಲದಲ್ಲಿ ಅಕ್ಕ ಬುಟ್ಟಿಯ ಬಟ್ಟೆ ಸರಿಸಿ ಏನೇನು ಮಾಡಿದ್ದೇನೆಂದು ತೋರಿಸಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಗಡಿಗೆಯಲ್ಲಿ ಅಂಬಲಿ, ಆಮೇಲೆ ಭಜ್ಜಿ. ನಮ್ಮ ಎಳ್ಳಮಾಸಿ ಭಜ್ಜಿ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ಕಡಲೆ, ತೊಗರಿ, ಅವರೆ, ಬಟಾಣಿ, ಸಿಕ್ಕಷ್ಟು ಸೊಪ್ಪು ಎಲ್ಲ ಸೇರಿಸಿ ಕಡಲೆ ಹಿಟ್ಟು ಹಾಕಿ ಕುದಿಸಿದ್ದು. ಅದರ ಗ್ರಾಂ ಎಣಿಸುವುದೆಂದರೆ ಸಂತೆಯಲ್ಲಿ ತಲೆ ಎಣಿಸಿದ ಹಾಗೆ. ನಾನು ಬಿಡುವವನೇ? ಕಾಳಿಗೆ ಇಷ್ಟು, ಹಿಟ್ಟಿಗೆ ಇಷ್ಟು, ಹೋಳಿಗೆ ಒಂದು, ಅಂಬಲಿ ಒಂದು ಲೋಟ ಎಂದು ಮನಸ್ಸಿನಲ್ಲೇ ಕೂಡಿಸಿದೆ. ತೊಗರಿ ಸಾಲಿನ ಮರೆಗೆ ಹೋಗಿ, ಅಂಗಿ ಎತ್ತಿ ಇನ್ಸುಲಿನ್ ಪೆನ್ನು ಚುಚ್ಚಿಕೊಂಡೆ. ಮೀಸೆ ತಿರುವುತ್ತ ಬಂದು ಪಂಕ್ತಿಯಲ್ಲಿ ಕೂತೆ.

ಯಾರೂ ಬಡಿಸಲಿಲ್ಲ. ಸುಣ್ಣ ಹಚ್ಚಿದ ಐದು ಕಲ್ಲುಗಳನ್ನು ಪಾಂಡವರೆಂದು ಕೂರಿಸಿ ಪೂಜೆ ನಡೆದಿತ್ತು. ಪೂಜೆಯಾದ ಮೇಲೆ ಚರಗ, ಅಂದರೆ ಭೂಮಿತಾಯಿಗೆಂದು ಅಡುಗೆಯನ್ನು ಹೊಲದ ನಾಲ್ಕೂ ಬದುಗುಂಟ ಚೆಲ್ಲಿ ಬರುವುದು. ಅದು ಮುಗಿಯುವ ತನಕ ಯಾರ ಬಾಯಿಗೂ ತುತ್ತಿಲ್ಲ. ಹುಟ್ಟಿದಾಗಿನಿಂದ ಈ ಹಬ್ಬ ಉಂಡವನು ನಾನು. ಭಜ್ಜಿಯೊಳಗಿನ ಬಟಾಣಿಯವರೆಗೆ ಎಣಿಸಿ ಚರಗವನ್ನೇ ಮರೆತಿದ್ದೆ. ಹೊಲವೋ ದೊಡ್ಡದು. ಮಾವನವರು ಬುಟ್ಟಿ ಬಗಲಿಗಿಟ್ಟು, ಒಂದು ಸಾಲನ್ನೂ ಬಿಡದೆ, ನಿಧಾನವಾಗಿ ಹೊರಟರು.

ಮೊದಲು ಕೈ ನಡುಗಿತು. ಆಮೇಲೆ ಆ ಚಳಿಯಲ್ಲೂ ಬೆವರು. ದೂರದಲ್ಲಿ ಮಾವನವರ ಬಿಳಿ ರುಮಾಲು ಇನ್ನೂ ಎರಡನೇ ಬದು ಮುಟ್ಟಿರಲಿಲ್ಲ. ಒಂದು ತುಣುಕು ಬೆಲ್ಲ ಕೇಳಿದ್ದರೆ ಮುಗಿಯುತ್ತಿತ್ತು, ನಾನು ಕೇಳಲಿಲ್ಲ. ದೇವರಿಗಿಂತ ಮೊದಲು ಬಾಯಿ ಹಾಕಿದ ಬೀಗ ಎನಿಸಿಕೊಳ್ಳುವುದಕ್ಕಿಂತ ಎಚ್ಚರ ತಪ್ಪಿ ಬೀಳುವುದೇ ಮರ್ಯಾದೆ ಎಂದು ನನಗೆ ಆಗ ತೋರಿತು. ಸಕ್ಕರೆ ಇಳಿದರೆ ಬುದ್ಧಿಯೂ ಇಳಿಯುತ್ತದೆ ಎಂದು ಮೇಡಂ ಮೊದಲೇ ಹೇಳಿದ್ದರು.

ಅಕ್ಕ ನನ್ನ ಮುಖ ನೋಡಿ ಎದ್ದು ಬಂದಳು. ಸೂಜಿ ಆಯಿತೇ ಎಂದು ಕಿವಿಯ ಹತ್ತಿರ ಕೇಳಿದಳು. ಹೂಂ ಎಂದು ತಲೆಯಾಡಿಸಿದೆ. ಅವಳು ಪೂಜೆಯ ಮುಂದಿದ್ದ ಬೆಲ್ಲ ಒಡೆದು ನನ್ನ ಬಾಯಿಗೆ ತುರುಕಿದಳು. ಹೆಂಗಸರು ಸೆರಗು ಬಾಯಿಗೆ ಹಿಡಿದರು. ಚರಗ ಇನ್ನೂ ಆಗಿಲ್ಲವೆಂದು ಯಾರೋ ನೆನಪಿಸಿದರು.

"ಭೂಮಿತಾಯಿ ಹಸಿವಿ ತಡಕೋತಾಳ," ಅಂದಳು ಅಕ್ಕ. "ನನ್ನ ತಮ್ಮಗ ತಡಕೊಳ್ಳಾಕ ಆಗಂಗಿಲ್ಲ."

ಮದುವೆಯಾದಂದಿನಿಂದ ಆ ಮನೆಯ ನೇಮವನ್ನು ತಲೆ ಮೇಲೆ ಹೊತ್ತವಳು ಅವಳು. ಬೆಲ್ಲ ಕರಗುತ್ತಿದ್ದಂತೆ ನನಗೆ ಅಳು ಬಂತು, ಬೆವರು ಒರೆಸುವ ನೆಪದಲ್ಲಿ ಕಣ್ಣೂ ಒರೆಸಿಕೊಂಡೆ.

ಮಾವನವರು ಬರಿದಾದ ಬುಟ್ಟಿ ಹಿಡಿದು ಬಂದರು. ಅಕ್ಕ ಸೆರಗು ತಲೆಗೆಳೆದುಕೊಂಡು ಎದುರು ನಿಂತಳು. ಬೆಲ್ಲ ಒಡೆದದ್ದು ತಾನು, ಏನಂದರೂ ತನಗೇ ಅನ್ನಬೇಕು ಎಂದಳು. ಸೂಜಿಯ ಕತೆಯನ್ನು ಕೊನೆಗೂ ನಾನೇ ಹೇಳಿದೆ. ಅವರು ನನ್ನೆದುರು ಕೂರಲು ಹೋದರು, ಮೊಣಕಾಲು ಬಗ್ಗಲಿಲ್ಲ. ಅಕ್ಕನ ಹೆಗಲು ಹಿಡಿದು ಮೆಲ್ಲಗೆ ಕೂತರು. ಮೊದಲ ರೊಟ್ಟಿ ತೆಗೆದು ನನ್ನ ತಾಟಿಗೆ ಹಾಕಿದರು.

"ಬೀಗರ, ಸೂಜಿ ಚುಚ್ಕೊಂಡು ಸುಮ್ನ ಕುಂತ್ರಲ್ರಿ. ಒಂದ ಮಾತ ಹೇಳಬಾರ್ದಾಗಿತ್ತೇನ್ರಿ? ಓಡ್ಕೋತ ಚೆಲ್ಲತಿದ್ದೆ."