ಬಳೆಗಾರ್ತಿ ಕಂಡದ್ದು

ಕಮಲಾಪುರದ ಚಿಕ್ಕಪ್ಪನ ಮಗಳು ಪಿಯುಸಿ ಓದಲು ಕಲಬುರಗಿಯ ನಮ್ಮ ಮನೆಗೆ ಬಂದಾಗ ಹದಿನಾರು ವರ್ಷದವಳು. ನಾನು ಆರು ವರ್ಷಕ್ಕೆ ದೊಡ್ಡವಳು. ಧಾರಾವಾಹಿ ವಾರಕ್ಕೊಮ್ಮೆ ಬರುತ್ತಿದ್ದ ಕಾಲ ಅದು. ಟೀವಿಯಲ್ಲಿ ಅತ್ತೆ ಬೈಯುವ ಮೊದಲೇ ಅವಳು ಬೈಗುಳವನ್ನು ಅದೇ ದನಿಯಲ್ಲಿ ಹೇಳಿಬಿಡುತ್ತಿದ್ದಳು. ಅಪ್ಪ ಕೂಡ ಪತ್ರಿಕೆ ಅಡ್ಡ ಹಿಡಿದು ನಗುತ್ತಿದ್ದರು.

ಆ ಧಾರಾವಾಹಿಯ ಹುಡುಗಿ ಒಂದು ವಾರ, ಮನೆಯವರು ತನ್ನ ಮಾತು ಕೇಳಲಿಲ್ಲವೆಂದು ತನ್ನ ಕೈಗೆ ತಾನೇ ಗಾಯ ಮಾಡಿಕೊಂಡಳು. ಎಲ್ಲರೂ ಓಡಿಬಂದು ತಬ್ಬಿಕೊಂಡರು. ಹದಿನೈದು ದಿನದ ಮೇಲೆ, ಬಟ್ಟೆ ಒಣಹಾಕುವಾಗ ತಂಗಿಯ ಅಂಗಿಯ ಉದ್ದ ತೋಳು ಹಿಂದೆ ಸರಿಯಿತು. ಮುಂಗೈಯ ಗೆರೆಗಳನ್ನು ಕಂಡೆ. ಬೆಕ್ಕು ಪರಚಿತು ಎಂದಳು. ನಮ್ಮ ಓಣಿಯಲ್ಲಿ ಬೆಕ್ಕಿರಲಿಲ್ಲ. ಕಡೆಗೆ ಒಪ್ಪಿಕೊಂಡಳು. ದೊಡ್ಡಪ್ಪನಿಗೆ ತಿಳಿದರೆ ಕಾಲೇಜು ಬಿಡಿಸಿ ಊರಿಗೆ ಕಳಿಸುತ್ತಾರೆ, ಹೇಳಬೇಡ ಎಂದು ಬೇಡಿಕೊಂಡಳು.

ನಾನು ಅಪ್ಪನಿಗೆ ಅರ್ಧ ಹೇಳಿದೆ: ಧಾರಾವಾಹಿಯಿಂದ ಅವಳ ಓದು ಕೆಡುತ್ತಿದೆ ಎಂದಷ್ಟೆ. ಅಂದೇ ಅವರು ಟೀವಿಯ ಮರದ ಬಾಗಿಲಿಗೆ ಬೀಗ ಹಾಕಿ, ಕೀಲಿಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ನನಗೆ ನೆಮ್ಮದಿಯಾಯಿತು.

ಶ್ರಾವಣದಲ್ಲಿ ಅಮ್ಮ ನಮ್ಮಿಬ್ಬರನ್ನೂ ಬಳೆ ಇಡಿಸಿಕೊಳ್ಳಲು ಸೂಪರ್ ಮಾರ್ಕೆಟ್ ಎಂಬ ಪೇಟೆಗೆ ಕಳಿಸಿದಳು. ಅಲ್ಲಿನ ಬಳೆಗಾರ್ತಿ ನಮ್ಮನ್ನು ಚಿಕ್ಕಂದಿನಿಂದ ಕಂಡವಳು. ತಂಗಿ ತನಗೆ ಬೇಡವೆಂದಳು.

"ಹಸಿರು ಬಳಿ ಯಾರಿಗೆ ಬ್ಯಾಡ ಬೇಟಿ, ತಾ ಕೈ" ಎಂದು ಮುದುಕಿ ಅವಳ ಅಂಗಿಯ ತೋಳು ಮಡಚಿದಳು. ಬಳೆ ಏರಿಸಲಿಲ್ಲ. ಪಕ್ಕದ ಗಿರಾಕಿಗೆ ಕಾಣದಂತೆ ಆ ಕೈಗೆ ತನ್ನ ಸೆರಗು ಹೊದಿಸಿ, ನನಗಷ್ಟೇ ಕೇಳುವಂತೆ ಹೇಳಿದಳು: "ಹಳೇವೂ ಅವ, ಹೊಸಾವೂ ಅವ. ಇದು ಈ ವಾರದ್ದು. ಮನ್ಯಾಗ ಯಾರಿಗೂ ಗೊತ್ತಿಲ್ಲೇನು?"

ಟೀವಿಗೆ ಬೀಗ ಬಿದ್ದು ಎರಡು ತಿಂಗಳಾಗಿತ್ತು. ನಮ್ಮ ಮನೆಯಲ್ಲಿ ಅವಳು ನಗುತ್ತಿದ್ದ ಒಂದೇ ಹೊತ್ತನ್ನು ನಾನು ಮುಚ್ಚಿಸಿದ್ದೆ, ಅಷ್ಟೆ.

ಅಂದು ಸಂಜೆ ಅಪ್ಪನಿಗೆ ಪೂರ್ತಿ ಹೇಳಿದೆ. ಅವರು ತಂಗಿಯನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಂಡರು. ಕೈ ತೋರಿಸು ಅನ್ನಲಿಲ್ಲ.

"ಊರಿಗೆ ಕಳಸಬ್ಯಾಡ್ರಿ ದೊಡ್ಡಪ್ಪ" ಎಂದಳು.

"ಕಳಸಂಗಿಲ್ಲ. ನಾಳೆ ಡಾಕ್ಟರ್ ಕಡೆ ಹೋಗೋಣು. ಒಳಗ ನೀ ಮಾತಾಡು, ನಾ ಹೊರಗ ಕೂಡತೀನಿ."

ಕಾಲೇಜಿನ ಇಂಗ್ಲಿಷ್ ಪಾಠ ತಿಳಿಯದೆ, ಚಿಕ್ಕಪ್ಪನ ಹೆಮ್ಮೆಯ ಪತ್ರಗಳಿಗೆ ಏನು ಬರೆಯುವುದೆಂದು ತೋಚದೆ ಅವಳು ಒಳಗೇ ಬೇಯುತ್ತಿದ್ದಳೆಂದು ಆಮೇಲೆ ಗೊತ್ತಾಯಿತು. ಅದೊಂದೇ ಕಾರಣವೆಂದು ಹೇಳಲಾರೆ. ಅಪ್ಪ, ತಂಗಿ ಇಬ್ಬರೂ ಒಂದು ವರ್ಷ ಡಾಕ್ಟರರಲ್ಲಿಗೆ ಹೋಗಿಬಂದರು. ನಡುವೆ ಒಮ್ಮೆ ಮತ್ತೆ ಗಾಯವಾಯಿತು. ಆ ಸಲ ಅವಳೇ ಬಂದು ಹೇಳಿದಳು.

ನಾನು ಅಪ್ಪನಿಗೆ ಪೂರ್ತಿ ಹೇಳಿದ ಮೇಲೆ ಅವಳು ಎಂಟು ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ಒಂಬತ್ತನೆಯ ದಿನ ಊಟಕ್ಕೆ ಕೂತಾಗ, ತಟ್ಟೆಯಿಂದ ಕಣ್ಣೆತ್ತದೆ, "ಅಕ್ಕಾ, ನೀ ದೊಡ್ಡಪ್ಪಗ ಆವಾಗನ ಪೂರ್ತಿ ಹೇಳಬೇಕಾಗಿತ್ತು" ಎಂದಳು.

ಹೌದು ಎಂದೆ.